ಗ್ರಂಥಸೂಚಿಯೆಂಬ ಕಾಯಕ



ಮಠವು ಅನ್ನದಾಸೋಹಕ್ಕೆಂತೋ ಅಂತೆಯೇ ಜ್ಞಾನದಾಸೋಹಕ್ಕೂ ನೆಲೆಯೆಂಬುದು ಸರ್ವವಿದಿತವು. ಬಡಿಸುವವನಿಗೆ ಯಾವ ಪಾತ್ರೆಯಲ್ಲಿ ಏನಿದೆಯೆಂಬುದು ತಿಳಿಯದಿದ್ದರೆ, ಅಡುಗೆಮನೆ ತುಂಬಿದ್ದರೂ ಪಂಕ್ತಿಯವರು ಹಸಿದೇ ಏಳಬೇಕಾಗುವುದು. ಪುಸ್ತಕ ಭಂಡಾರದ ಸ್ಥಿತಿಯೂ ಅಂತಹದೇ. ಗ್ರಂಥವು ಬೀರುವಿನೊಳಗಿದ್ದೂ ಕೇಳಿದವನ ಕೈಗೆ ಬಾರದಿದ್ದರೆ ಅದು ಇದ್ದೂ ಇಲ್ಲದಂತೆ. ಈ ಕೊರತೆಯನ್ನು ನೀಗುವ ವಿದ್ಯೆಗೆ ಗ್ರಂಥಸೂಚೀಕರಣವೆಂದು ಹೆಸರು. ಪಾಠ ಹೇಳುವ ಉಪಾಧ್ಯಾಯನು ಅದನ್ನು ಕಲಿಯಬೇಕಾದ ಬಗೆಯೇ ಈ ಹೊತ್ತಿನ ಉಪನ್ಯಾಸದ ವಿಷಯವು.

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯಂತಹ ಹೋಬಳಿಯ ಊರನ್ನು ನೆನೆಯಿರಿ. ಅಂತಹ ಕಡೆ ಪಾಠ ಹೇಳುವವನೇ ಪುಸ್ತಕದ ಬೀರುವಿನ ಬೀಗದ ಕೈಯನ್ನೂ ಹಿಡಿಯಬೇಕಾಗಿ ಬರುವುದುಂಟು. ತರುಣನಾದ ಒಬ್ಬ ಉಪಾಧ್ಯಾಯನು ಈ ವಿದ್ಯೆಯನ್ನು ಕಲಿಯಲು ಕುಳಿತನೆಂದು ಭಾವಿಸಿರಿ. ಗುರುವಾದವನು ಮತ್ತೆ ಶಿಷ್ಯನಾಗುವುದು ನಾಚಿಕೆಯ ವಿಷಯವಲ್ಲ. ಮದರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದ ಎಸ್. ಆರ್. ರಂಗನಾಥನ್‌ ಅವರು 1924ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಮೇಲೆ ಲಂಡನ್ನಿಗೆ ಹೋಗಿ ಈ ಶಾಸ್ತ್ರವನ್ನು ವಿದ್ಯಾರ್ಥಿಯಾಗಿಯೇ ಕಲಿತರು. 1933ರಲ್ಲಿ ತಮ್ಮದೇ ಆದ ವರ್ಗೀಕರಣ ಪದ್ಧತಿಯನ್ನೂ, 1934ರಲ್ಲಿ ಸೂಚಿಯ ನಿಯಮಾವಳಿಯನ್ನೂ ಪ್ರಕಟಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಈ ವಿದ್ಯೆಗಾಗಿ ಸಂಶೋಧನ ಮತ್ತು ಶಿಕ್ಷಣ ಕೇಂದ್ರವೊಂದನ್ನು ಸ್ಥಾಪಿಸಿ, 1972ರಲ್ಲಿ ಅದೇ ನಗರದಲ್ಲಿ ದಿವಂಗತರಾದರು.

ಆರಂಭದ ಪಾಠಗಳು ಸುಲಭವೇ. ಬಂದ ಪುಸ್ತಕಕ್ಕೆ ದಾಖಲೆ ಪುಸ್ತಕದಲ್ಲಿ ಕ್ರಮಸಂಖ್ಯೆ ಕೊಡುವುದು. ವಿಷಯವನ್ನು ನೋಡಿ ವರ್ಗವನ್ನು ನಿರ್ಣಯಿಸುವುದು. 5 ಅಂಗುಲ ಉದ್ದ, 3 ಅಂಗುಲ ಅಗಲದ ಚೀಟಿಯ ಮೇಲೆ ಕರ್ತೃ, ಗ್ರಂಥನಾಮ, ಪ್ರಕಟವಾದ ಸ್ಥಳ, ವರ್ಷ ಇವುಗಳನ್ನು ಬರೆಯುವುದು. ಅಮೆರಿಕೆಯ ಡ್ಯೂಯಿ ಎಂಬವರು 1876ರಲ್ಲಿ ಪ್ರಕಟಿಸಿದ ದಶಾಂಶ ಪದ್ಧತಿಯಲ್ಲಿ ಸಮಸ್ತ ವಿದ್ಯೆಗೂ ಹತ್ತು ವರ್ಗಗಳು. ಅದರಲ್ಲಿ ಕನ್ನಡ ಸಾಹಿತ್ಯದ ಸ್ಥಾನವು 894.814. ಆದರೆ ವಚನಗಳ ಸಂಪುಟವು ಕೈಗೆ ಬಂದೊಡನೆ ವಿದ್ಯಾರ್ಥಿಯ ಲೇಖನಿಯು ನಿಲ್ಲುವುದು. ಇದು ಸಾಹಿತ್ಯವೋ, ಧರ್ಮವೋ? ಎರಡೂ ಹೌದು. ಪುಸ್ತಕವಾದರೋ ಒಂದೇ, ಅದು ಒಂದೇ ಕಡೆ ನಿಲ್ಲಬೇಕು. ಆದುದರಿಂದ ಒಂದು ವರ್ಗದಲ್ಲಿ ಪುಸ್ತಕವನ್ನಿಟ್ಟು, ಮತ್ತೊಂದರ ಹೆಸರಿನಲ್ಲಿ ಚೀಟಿಯನ್ನಿಡತಕ್ಕುದು.

ಎರಡನೆಯ ತೊಡಕು ಹೆಸರಿನದು. ಪಾಶ್ಚಾತ್ಯರು ಮನೆತನದ ಹೆಸರನ್ನು ಮೊದಲಿಟ್ಟು ಬರೆಯುವರು. ಫ. ಗು. ಹಳಕಟ್ಟಿಯವರ ವಿಷಯದಲ್ಲಿ ಆ ನಿಯಮವು ಸಲ್ಲುವುದು. ಡಿ. ವಿ. ಗುಂಡಪ್ಪನವರಲ್ಲಿ ಸಲ್ಲದು, ಅಲ್ಲಿ ಮೊದಲ ಅಕ್ಷರವು ದೇವನಹಳ್ಳಿಯೆಂಬ ಊರು, ಎರಡನೆಯದು ತಂದೆಯ ಹೆಸರು, ಗುಂಡಪ್ಪ ಎಂಬುದೇ ಸ್ವಂತ ನಾಮ. ಹೊಸಕೋಟೆಗೆ ನೆರೆಯಾದ ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮದ ವೆಂಕಟೇಶ ಅಯ್ಯಂಗಾರ್ಯರನ್ನು ಓದುಗರು ಊರಿನ ಹೆಸರಿನಿಂದಲೇ ಕೇಳುವರು. ಪುಸ್ತಕದ ಮೇಲಾದರೋ ‘ಶ್ರೀನಿವಾಸ’ ಎಂಬ ಕಾವ್ಯನಾಮವಿರುವುದುಂಟು. ಯಾವುದಾದರೂ ಒಂದು ಹೆಸರನ್ನು ನಿಶ್ಚಯಿಸಿ, ಉಳಿದ ಹೆಸರುಗಳ ಚೀಟಿಗಳಲ್ಲಿ ‘ಇಂತಹ ಹೆಸರಿನಡಿ ನೋಡಿ’ ಎಂದು ಬರೆಯದಿದ್ದರೆ ಒಬ್ಬ ಗ್ರಂಥಕರ್ತನು ಮೂವರಾಗಿ ಒಡೆದುಹೋಗುವನು. ಗಣಕಯಂತ್ರದಲ್ಲಿ ಸೂಚಿಯನ್ನಿಡುವ ಈ ಕಾಲದಲ್ಲಿಯೂ ಈ ಎಚ್ಚರವು ತಪ್ಪಿದ್ದಲ್ಲ. ಯಂತ್ರವು ಬರೆದುದನ್ನು ಹುಡುಕಬಲ್ಲುದೇ ಹೊರತು ಬರೆಯದೆ ಬಿಟ್ಟುದನ್ನು ಊಹಿಸದು.

ಶರಣರ ವಿಷಯದಲ್ಲಿ ಹೊಣೆಯು ಇನ್ನೂ ಹಿರಿದು. ಓಲೆಯ ಕಟ್ಟಿನಲ್ಲಿ ಬಿಡಿಯಾಗಿ ಸಿಕ್ಕಿದ ವಚನದ ಕರ್ತೃವನ್ನು ತಿಳಿಸುವುದು ಅಂಕಿತವೇ. ‘ಚೆನ್ನಮಲ್ಲಿಕಾರ್ಜುನ’ ಎಂಬುದು ಅಕ್ಕಮಹಾದೇವಿಯ ಅಂಕಿತವು. ‘ಕಪಿಲಸಿದ್ಧಮಲ್ಲಿಕಾರ್ಜುನ’ ಎಂಬುದು ಸಿದ್ಧರಾಮೇಶ್ವರರದು. ಅವಸರದಿಂದ ಕೊನೆಯ ಪದವನ್ನಷ್ಟೇ ಓದಿದವನು ಒಬ್ಬರ ಅನುಭಾವವನ್ನು ಇನ್ನೊಬ್ಬರ ಹೆಸರಿಗೆ ಬರೆದಾನು. ಶೂನ್ಯಸಂಪಾದನೆಯೆಂಬ ಹೆಸರು ಒಂದೇ, ಸಂಪಾದಿಸಿದವರು ನಾಲ್ವರು. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರಲ್ಲಿ ಯಾರ ಪ್ರತಿಯೆಂದು ಹೇಳದ ಚೀಟಿಯು ಓದುಗನಿಗೆ ದಾರಿ ತೋರಿಸದು, ದಾರಿ ತಪ್ಪಿಸುವುದು.

ಹೀಗೆ ಗ್ರಂಥವನ್ನು ತೆರೆದು ನೋಡದೆ ಸೂಚಿಯನ್ನು ಬರೆಯಲಾಗದು. ಇದಕ್ಕೆ ಮೈಸೂರೇ ಸಾಕ್ಷಿಯು. ಅಲ್ಲಿ 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ಓಲೆಗರಿಯ ಪ್ರತಿಯನ್ನು ಒಪ್ಪಿಸಿದರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದಕ್ಕೆ ಬರಿಯ ಸಂಖ್ಯೆಯನ್ನು ಬರೆದು ಕಟ್ಟಿಡಲಿಲ್ಲ, ಓದಿದರು. 1905ರಲ್ಲಿ ಅವರು ಗುರುತಿಸಿದ ಆ ಗ್ರಂಥವೇ ಕೌಟಿಲ್ಯನ ಅರ್ಥಶಾಸ್ತ್ರವು. 1909ರಲ್ಲಿ ಮೂಲವೂ 1915ರಲ್ಲಿ ಇಂಗ್ಲಿಷ್ ಅನುವಾದವೂ ಅಚ್ಚಾಗಿ, ಪ್ರಾಚೀನ ಭಾರತದ ರಾಜ್ಯನೀತಿಯನ್ನು ಕುರಿತು ಲೋಕವಿಟ್ಟಿದ್ದ ಎಣಿಕೆಯೇ ಬದಲಾಯಿತು. ವಿಜಾಪುರದಲ್ಲಿ ವಕೀಲರಾಗಿದ್ದ ಹಳಕಟ್ಟಿಯವರು ಮನೆಮನೆಯ ಕಟ್ಟುಗಳನ್ನು ಬಿಚ್ಚಿಸಿ ಓದಿದುದರಿಂದಲ್ಲವೆ 1923ರಲ್ಲಿ ವಚನಶಾಸ್ತ್ರಸಾರವು ಬೆಳಕಿಗೆ ಬಂದುದು?

ಆದುದರಿಂದ ಭಕ್ತರಲ್ಲಿ ಎರಡು ವಿಜ್ಞಾಪನೆಗಳು. ಮೊದಲನೆಯದು, ಪ್ರತಿಯೊಂದು ಹೋಬಳಿಯಿಂದಲೂ ಒಬ್ಬ ಉಪಾಧ್ಯಾಯನಾದರೂ ಈ ವಿದ್ಯೆಯನ್ನು ಕಲಿಯುವಂತೆ ಅನುಕೂಲ ಮಾಡಿಕೊಡಬೇಕು. ಎರಡನೆಯದು, ಮನೆಯ ಅಟ್ಟದಲ್ಲಿಯೂ ದೇವರ ಗೂಡಿನಲ್ಲಿಯೂ ಇರುವ ಓಲೆಯ ಕಟ್ಟುಗಳನ್ನು ಅರಿಶಿನ ಕುಂಕುಮವಿಟ್ಟು ಪೂಜಿಸುವಷ್ಟರಿಂದಲೇ ತೃಪ್ತರಾಗದೆ, ಬಲ್ಲವರಿಗೆ ತೋರಿಸಿ ಪಟ್ಟಿ ಮಾಡಿಸಬೇಕು. ಕಟ್ಟು ಮನೆಯಲ್ಲಿಯೇ ಇರಲಿ. ಅದರೊಳಗೆ ಏನಿದೆಯೆಂಬ ತಿಳಿವು ಮಾತ್ರ ಹೊರಗೆ ಬರಲಿ. ಗೆದ್ದಲು ಯಾವ ಗ್ರಂಥವನ್ನೂ ಹೆಸರು ಕೇಳಿ ತಿನ್ನುವುದಿಲ್ಲ. ಒಂದು ಗ್ರಂಥದ ಹೆಸರು ಚೀಟಿಯಲ್ಲಿ ನಿಂತರೆ, ಮುಂದೆಂದೋ ಬರುವ ಜಿಜ್ಞಾಸುವಿಗೆ ಅದು ಇಂದೇ ಮಾಡಿದ ದಾಸೋಹವಾಗುವುದು.

ಶಿವಮಸ್ತು.