ಗ್ರಾಮೀಣ ನೀರು ಸರಬರಾಜಿನಲ್ಲಿ ಸಂವೇದಕಗಳು: ಕಾರ್ಯವಿಧಾನ ಮತ್ತು ಆಯ್ಕೆ



ತಿಕೋಟಾ ತಾಲೂಕಿನ ಕಳ್ಳಕವಟಗಿಯಂತಹ ಗ್ರಾಮದಲ್ಲಿ ಬೇಸಿಗೆಯ ರಾತ್ರಿ ಮೇಲ್ತೊಟ್ಟಿ ತುಂಬಿ ಹರಿದರೆ, ಅಥವಾ ಬತ್ತಿದ ಕೊಳವೆಬಾವಿಯಲ್ಲಿ ನೀರಿಲ್ಲದೆ ತಿರುಗಿ ಮೋಟಾರು ಸುಟ್ಟರೆ, ಅದರ ಕಷ್ಟ ಬೆಳಿಗ್ಗೆ ಕೊಡ ಹಿಡಿದು ನಿಲ್ಲುವವರದು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರನ್ನು ಗುರಿಯಾಗಿಸಿದೆ. ಅಷ್ಟು ನೀರು ತಲುಪಿತೇ ಎಂಬುದನ್ನು ಅಳೆಯದೆ ಹೇಳಲಾಗದು. ಅಳೆಯುವ ಸಾಧನವೇ ಸಂವೇದಕ, ಅಂದರೆ ಸೆನ್ಸರ್.

ತೊಟ್ಟಿಯ ಮಟ್ಟ ಅಳೆಯಲು ನಾಲ್ಕು ಬಗೆಗಳು ರೂಢಿಯಲ್ಲಿವೆ.

1. ತೇಲುವ ಸ್ವಿಚ್: ನೀರಿನೊಡನೆ ಏರಿ ಇಳಿದು ಮೋಟಾರನ್ನು ನಿಲ್ಲಿಸುತ್ತದೆ ಅಥವಾ ಚಾಲೂ ಮಾಡುತ್ತದೆ. ಅಗ್ಗ, ಸರಳ, ಆದರೆ ಎಷ್ಟು ನೀರಿದೆಯೆಂದು ತಿಳಿಸದು.

2. ಲೋಹದ ಕಡ್ಡಿಗಳು: ನೀರು ತಾಗಿದಾಗ ವಿದ್ಯುತ್ತು ಹರಿಯುತ್ತದೆ. ಗಡಸು ನೀರಿನಲ್ಲಿ ಕಡ್ಡಿಗೆ ಸುಣ್ಣದ ಪದರ ಕಟ್ಟುವುದರಿಂದ ಆಗಾಗ ಸ್ವಚ್ಛಗೊಳಿಸಬೇಕು.

3. ಶ್ರವಣಾತೀತ ಸಂವೇದಕ: ಶಬ್ದದ ಅಲೆ ನೀರಿಗೆ ತಾಗಿ ಮರಳುವ ಸಮಯದಿಂದ ಅಂತರವನ್ನು ಲೆಕ್ಕಿಸುತ್ತದೆ. ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, 40 ಡಿಗ್ರಿಯಲ್ಲಿ ಸುಮಾರು 355 ಮೀಟರ್. ಉಷ್ಣತೆಯ ತಿದ್ದುಪಡಿ ಇಲ್ಲದ ಸಾಧನವು 3 ಮೀಟರ್ ಅಂತರದಲ್ಲಿ ಸುಮಾರು 10 ಸೆಂಟಿಮೀಟರ್ ತಪ್ಪಿ, ಇಲ್ಲದ ನೀರನ್ನು ಇದೆಯೆಂದು ತೋರಿಸುತ್ತದೆ. ವಿಜಯಪುರದ ಬಿಸಿಲಿಗೆ ಈ ತಿದ್ದುಪಡಿ ಅನಿವಾರ್ಯ.

4. ಒತ್ತಡ ಸಂವೇದಕ: ತಳದಲ್ಲಿ ಮುಳುಗಿದ್ದು ಮೇಲಿನ ನೀರಿನ ಒತ್ತಡವನ್ನು ಅಳೆಯುತ್ತದೆ, 10 ಮೀಟರ್ ನೀರಿಗೆ ಸುಮಾರು 1 ಬಾರ್. ದೋಷವನ್ನು ಪೂರ್ಣ ವ್ಯಾಪ್ತಿಯ ಶೇಕಡಾ 1 ಎಂದು ಹೇಳಿದ್ದರೆ, 10 ಬಾರ್ ವ್ಯಾಪ್ತಿಯ ಸಾಧನ 1 ಮೀಟರ್‌ವರೆಗೆ ತಪ್ಪಬಹುದು, 0.5 ಬಾರ್ ವ್ಯಾಪ್ತಿಯದು 5 ಸೆಂಟಿಮೀಟರ್ ಮಾತ್ರ. 4 ಮೀಟರ್ ಆಳದ ತೊಟ್ಟಿಗೆ ಎರಡನೆಯದೇ ಯೋಗ್ಯ. ದೊಡ್ಡ ವ್ಯಾಪ್ತಿ ಎಂದರೆ ಉತ್ತಮ ಸಾಧನವೆಂದಲ್ಲ.

ಹರಿವನ್ನು ಅಳೆಯುವ ವಿದ್ಯುತ್ಕಾಂತೀಯ ಮಾಪಕದಲ್ಲಿ ತಿರುಗುವ ಭಾಗಗಳಿಲ್ಲ. ಹೀಗಾಗಿ ಮರಳಿನಿಂದ ಸವೆಯುವ ಭಯ ಕಡಿಮೆ. ಆದರೆ ಪೈಪು ಪೂರ್ಣ ತುಂಬಿ ಹರಿಯಬೇಕು, ಬಾಗುಗಳಿಂದ ದೂರ ನೇರ ಭಾಗದಲ್ಲಿ ಕೂಡಿಸಬೇಕು. ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಅದರ ಸಂವೇದಕಕ್ಕೆ ನಿಯಮಿತ ಮಾಪನ ಹೊಂದಾಣಿಕೆ ಬೇಕು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದ ಫ್ಲೋರೈಡ್‌ಗೆ ಪ್ರಯೋಗಾಲಯದ ಪರೀಕ್ಷೆಯನ್ನು ಬಿಡುವಂತಿಲ್ಲ.

ಸಂಕೇತವನ್ನು 4ರಿಂದ 20 ಮಿಲಿಆಂಪಿಯರ್‌ನಲ್ಲಿ ಕಳುಹಿಸುವ ಸಾಧನದ ಒಂದು ಗುಣ ಗಮನಾರ್ಹ. 4 ಎಂದರೆ ತೊಟ್ಟಿ ಖಾಲಿ. ಸೊನ್ನೆ ಎಂದರೆ ತಂತಿ ತುಂಡಾಗಿದೆ. ಖಾಲಿ ತೊಟ್ಟಿಗೂ ಕೆಟ್ಟ ಸಾಧನಕ್ಕೂ ಇರುವ ವ್ಯತ್ಯಾಸ ಇದರಿಂದ ಕೂಡಲೇ ತಿಳಿಯುತ್ತದೆ.

ಠರಾವು ಅಂಗೀಕರಿಸುವ ಮುನ್ನ ಸದಸ್ಯರು ಕೇಳಬೇಕಾದ ಪ್ರಶ್ನೆಗಳಿವು: ಯಾವುದನ್ನು ಅಳೆಯಬೇಕು? ವ್ಯಾಪ್ತಿ ಮತ್ತು ದೋಷ ಎಷ್ಟು? ಬಿಸಿಲು, ಗಡಸು ನೀರು, ಸಿಡಿಲನ್ನು ತಾಳುವುದೇ? ವಿದ್ಯುತ್ತು ಹೋದಾಗ ಏನಾಗುತ್ತದೆ? ಕೆಟ್ಟರೆ ಯಾರು, ಎಷ್ಟು ದಿನಗಳಲ್ಲಿ ದುರಸ್ತಿ ಮಾಡುವರು? ಮೋಟಾರು ನಿಲ್ಲಿಸುವುದಷ್ಟೇ ಅಗತ್ಯವಿದ್ದಲ್ಲಿ ತೇಲುವ ಸ್ವಿಚ್ಚೇ ಸಾಕು.

ಸಂವೇದಕವು ನೀರನ್ನು ತರುವುದಿಲ್ಲ, ಇರುವ ನೀರಿನ ಲೆಕ್ಕವನ್ನು ಕೊಡುತ್ತದೆ. ತಿಂಗಳಿಗೊಮ್ಮೆ ನೀರಗಂಟಿಯು ಅಳತೆ ಕೋಲಿನಿಂದ ಮಟ್ಟ ನೋಡಿ ಸಾಧನದ ಅಂಕಿಯೊಡನೆ ತಾಳೆ ಹಾಕಿ ವಹಿಯಲ್ಲಿ ದಾಖಲಿಸಿದರೆ ಮಾತ್ರ ಆ ಲೆಕ್ಕ ನಂಬಲರ್ಹವಾಗುತ್ತದೆ.