ಧ್ವನಿಪೆಟ್ಟಿಗೆಯ ಪುನಾರಚನೆ



ಕಂಠದ ಮಹಿಮೆಯನ್ನು ಹುಬ್ಬಳ್ಳಿ-ಧಾರವಾಡದವರಿಗೆ ಬಣ್ಣಿಸಿ ಹೇಳಬೇಕಾದುದಿಲ್ಲ. ಹುಬ್ಬಳ್ಳಿಯಲ್ಲಿ ಬಾಳಿದ ವಿದುಷಿ ಗಂಗೂಬಾಯಿ ಹಾನಗಲ್ಲರ (೧೯೧೩–೨೦೦೯) ಎಳೆಯ ಕೋಮಲ ಸ್ವರವು ಗಂಟಲಿನ ಚಿಕಿತ್ಸೆಯ ತರುವಾಯ ಗಂಡುದನಿಯಂತೆ ಗಂಭೀರವಾಯಿತು; ಆ ದನಿಯಿಂದಲೇ ಅವರು ಕಿರಾಣಾ ಘರಾಣೆಯ ಕೀರ್ತಿಯನ್ನು ಬೆಳಗಿಸಿದರು. ಅವರಿಗೆ ಸ್ವರವು ಬದಲಾಯಿತು, ಅಳಿಯಲಿಲ್ಲ. ಆದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಿಸಿಕೊಳ್ಳಬೇಕಾದವನ ಗತಿಯೇನು?

ಗಂಟಲಿನ ಅರ್ಬುದರೋಗಕ್ಕೆ ಬೀಡಿ-ಸಿಗರೇಟುಗಳ ಹೊಗೆಯು ಮುಖ್ಯ ಕಾರಣವೆಂಬುದು ಸರ್ವವಿದಿತ. ಆರಂಭದಲ್ಲಿ ಕಂಡುಬಂದರೆ ಕಿರಣಚಿಕಿತ್ಸೆಯಿಂದ ದನಿಯನ್ನು ಉಳಿಸಿಕೊಂಡೇ ಗುಣಪಡಿಸಬಹುದು. ವಾಸಿಯಾದದ್ದು ಮರುಕಳಿಸಿತೆಂದರೆ, ಅನೇಕ ವೇಳೆ ಪೆಟ್ಟಿಗೆಯನ್ನು ಪೂರ್ಣವಾಗಿ ತೆಗೆಯದೆ ಗತ್ಯಂತರವಿರುವುದಿಲ್ಲ. ಇದನ್ನು ಕೇಳಿದೊಡನೆ ಮೂಕನಾಗುವೆನೆಂಬ ಅಂಜಿಕೆಯಿಂದ ಊರಿಗೆ ಮರಳುವವರುಂಟು. ಗಂಟು ಬೆಳೆದು ಉಸಿರು ಕಟ್ಟುವಾಗ ತಿರುಗಿ ಬಂದರೆ ಕಾಲವು ಮೀರಿರುತ್ತದೆ. ಆ ಅಂಜಿಕೆಗೆ ಇಂದು ಹಿಂದಿನಷ್ಟು ಆಧಾರವಿಲ್ಲ.

೧೮೭೩ನೆಯ ಡಿಸೆಂಬರ ೩೧ರಂದು ವಿಯೆನ್ನಾದಲ್ಲಿ ಬಿಲ್ರೋಥ್ ಎಂಬ ಶಸ್ತ್ರವೈದ್ಯನು ಅರ್ಬುದರೋಗಿಯೊಬ್ಬನ ಧ್ವನಿಪೆಟ್ಟಿಗೆಯನ್ನು ಸಂಪೂರ್ಣವಾಗಿ ತೆಗೆದನು. ಅವನ ಸಹಾಯಕ ಗುಸ್ಸೆನ್‌ಬವರನು ಕೃತಕ ಧ್ವನಿಯಂತ್ರವೊಂದನ್ನು ರಚಿಸಿಕೊಟ್ಟನು. ರೋಗಿಯು ಒಂದೇ ಶ್ರುತಿಯಲ್ಲಾದರೂ ಮಾತನಾಡಿದನು. ಆದರೆ ರೋಗವು ಮರುಕಳಿಸಿ ಅವನು ಮಡಿದನು.

ಈಗಿನ ಕ್ರಮ ಹೀಗಿದೆ. ಪೆಟ್ಟಿಗೆಯನ್ನು ತೆಗೆದ ಬಳಿಕ ಶ್ವಾಸನಾಳವನ್ನು ಕೊರಳಿನ ಮುಂಭಾಗದಲ್ಲಿ ಒಂದು ಕಂಡಿಯಾಗಿ ಹೊರತೆರೆಯುತ್ತಾರೆ, ಉಸಿರಾಟವೆಲ್ಲ ಅದರಿಂದಲೇ. ಕಿರಣ ತಾಗಿದ ಮಾಂಸವು ಬೇಗ ಮಾಯುವುದಿಲ್ಲ, ಹೊಲಿಗೆ ಬಿಟ್ಟು ಜೊಲ್ಲು ಸೋರುವ ಭಯವುಂಟು. ಆದ್ದರಿಂದ ಎದೆಯ ಸ್ನಾಯುವನ್ನು ಅದರ ರಕ್ತನಾಳಸಮೇತ ಮೇಲಕ್ಕೆ ತಿರುಗಿಸಿ ಗಂಟಲಿಗೆ ಹೊದಿಸುವುದುಂಟು. ಮಾತಿಗಾಗಿ ಶ್ವಾಸನಾಳ ಅನ್ನನಾಳಗಳ ನಡುವೆ ಸಣ್ಣ ರಂಧ್ರ ಮಾಡಿ ಸಿಲಿಕೋನಿನ ಕವಾಟವೊಂದನ್ನು ಕೂಡಿಸುತ್ತಾರೆ. ಬೆರಳಿನಿಂದ ಕಂಡಿಯನ್ನು ಮುಚ್ಚಿದರೆ ಪುಪ್ಪುಸದ ಗಾಳಿಯು ಕವಾಟದ ಮೂಲಕ ಅನ್ನನಾಳಕ್ಕೆ ಹೊಕ್ಕು ಅದರ ಗೋಡೆಯನ್ನು ಕಂಪಿಸುತ್ತದೆ. ನಾಲಗೆ ತುಟಿಗಳು ಆ ನಾದವನ್ನು ನುಡಿಯಾಗಿಸುತ್ತವೆ. ಅನ್ನ ನೀರು ಶ್ವಾಸನಾಳಕ್ಕೆ ಇಳಿಯದಂತೆ ಅದೇ ಕವಾಟವು ತಡೆಯುತ್ತದೆ. ಅಮೆರಿಕೆಯ ಸಿಂಗರ್ ಮತ್ತು ಬ್ಲಾಮ್ ಎಂಬವರು ೧೯೮೦ರ ಸುಮಾರಿಗೆ ಪ್ರಚುರಪಡಿಸಿದ ಉಪಾಯವಿದು.

ಇಂಥ ಕವಾಟವು ಪರದೇಶದಿಂದ ಬಂದರೆ ಸಾವಿರಾರು ರೂಪಾಯಿ. ಕೆಲವು ತಿಂಗಳಿಗೊಮ್ಮೆ ಬದಲಿಸಲೂ ಬೇಕು. ಕೂಲಿಕಾರನಿಗೆ ಇದು ಮಾತಿನ ಮೇಲೆ ಹೇರಿದ ಕಂದಾಯವೇ ಸರಿ. ಬೆಂಗಳೂರಿನ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಅವರು ಉದ್ಯಮಿ ಮಿತ್ರ ಶಶಾಂಕ್ ಮಹೇಶ್ ಅವರೊಡಗೂಡಿ ‘ಓಂ’ ಎಂಬ ಕವಾಟವನ್ನು ನಿರ್ಮಿಸಿ, ೨೦೧೫ರಲ್ಲಿ ಐವತ್ತು ರೂಪಾಯಿಯ ಬೆಲೆಗೆ ಪ್ರಕಟಪಡಿಸಿದರು.

ಕವಾಟ ಕೂಡಿಸಿದೊಡನೆ ಮಾತು ಸರಾಗವಾಗದು. ಬೆರಳು ಸರಿಯಾಗಿ ಕೂಡದೆ ಗಾಳಿ ಸೋರುತ್ತದೆ, ಪದಗಳು ಒಡೆಯುತ್ತವೆ. ಮನೆಯವರು ಅವನ ವಾಕ್ಯವನ್ನು ತಾವೇ ಮುಗಿಸದೆ ಕಾದಿರತಕ್ಕದ್ದು. ಇನ್ನೊಂದು ವಿಷಯವು ಜಾತ್ರೆಗಳಿಗೆ ಹೋಗುವವರಿಗೆ ವಿಶೇಷವಾಗಿ ತಿಳಿದಿರಬೇಕು: ಕೊರಳಿನ ಕಂಡಿಯು ನೇರವಾಗಿ ಪುಪ್ಪುಸಕ್ಕೆ ತೆರೆದಿರುವುದರಿಂದ ಇಂಥವನು ಹೊಳೆಯಲ್ಲಾಗಲಿ ಕೆರೆಯಲ್ಲಾಗಲಿ ಮುಳುಗಬಾರದು, ದಂಡೆಯಲ್ಲಿ ಕುಳಿತು, ಕೊರಳಿಗೆ ನೀರು ತಾಗದಂತೆ ತಂಬಿಗೆಯಿಂದ ಮೀಯತಕ್ಕದ್ದು.