ಮನೆಯ ಹಿರಿಯರ ಮರೆವು

'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಅಜ್ಜ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮನೆಯೆಲ್ಲ ಹುಡುಕಿದರೆ ಈ ಗಾದೆ ಹೇಳಿ ನಗುತ್ತೇವೆ, ಅಜ್ಜನೂ ನಗುತ್ತಾನೆ. ಆದರೆ ಕನ್ನಡಕವನ್ನು ಕೈಗಿತ್ತ ಮೇಲೂ ಅದು ಏತಕ್ಕೆಂದು ಅಜ್ಜ ಕೇಳಿದರೆ, ಆಗ ಗಾದೆಯನ್ನು ಬದಿಗಿಡಬೇಕು. ಮುಪ್ಪಿನ ಮರೆವು ಒಂದು, ಮರೆವಿನ ಕಾಯಿಲೆ ಇನ್ನೊಂದು.

ಈ ಭೇದವನ್ನು ನಾನು ತಡವಾಗಿ ಕಲಿತೆ. ನನ್ನ ತಾಯಿ ಸಾರಿಗೆ ಮೂರು ಸಲ ಉಪ್ಪು ಹಾಕತೊಡಗಿದರು. ಉಂಡು ಕೈತೊಳೆದು ಬಂದು, "ಇವತ್ತು ಊಟಕ್ಕೆ ಎಲೆ ಹಾಕುವುದಿಲ್ಲವೇನೆ?" ಎಂದು ಸೊಸೆಯನ್ನು ಕೇಳಿದರು. ಸಂಜೆಯಾಗುತ್ತಲೇ, ನಲವತ್ತು ವರ್ಷ ಬಾಳಿದ ಮನೆಯಲ್ಲೇ ಕುಳಿತು, "ನಮ್ಮ ಮನೆಗೆ ಹೋಗೋಣ" ಎಂದು ಸೀರೆಗಳ ಗಂಟು ಕಟ್ಟಿದರು.

ಒಂದು ದಿನ, "ನಿಮ್ಮಪ್ಪ ಇನ್ನೂ ಬರಲಿಲ್ಲವಲ್ಲೋ" ಎಂದರು. ತಪ್ಪು ಕಂಡಲ್ಲಿ ತಿದ್ದುವುದು ನನ್ನ ವೃತ್ತಿ. "ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾಯಿತಮ್ಮ" ಎಂದೆ. ಆ ಸುದ್ದಿಯನ್ನು ಅಂದೇ ಮೊದಲು ಕೇಳಿದವರಂತೆ ಅತ್ತರು. ಅರ್ಧ ಗಂಟೆಯಲ್ಲಿ ಅತ್ತದ್ದೂ ಮರೆತುಹೋಯಿತು; ಮತ್ತೆ ಅದೇ ಪ್ರಶ್ನೆ. ನಾನು ಮತ್ತೆ ತಿದ್ದಿದೆ. ಹೀಗೆ ಆ ಒಂದು ವಾರದಲ್ಲಿ ನನ್ನ ತಾಯಿಯನ್ನು ನಾನು ಐದು ಸಲ ವಿಧವೆಯಾಗಿಸಿದೆ.

ದಾರಿ ತೋರಿದವಳು ನನ್ನ ಹೆಂಡತಿ. ಆರನೆಯ ಸಲ ನಾನು ಬಾಯಿ ತೆರೆಯುವ ಮೊದಲೇ ಅವಳು, "ಮಾವನವರಿಗೆ ಯಾವ ಸಾರು ಇಷ್ಟ, ಅತ್ತೆ?" ಎಂದು ಕೇಳಿದಳು. ಅಮ್ಮ ಮೆಣಸಿನ ಸಾರಿನ ಕತೆ ಹೇಳುತ್ತ ಕುಳಿತರು. ನನ್ನ ಹೆಂಡತಿ ಸುಳ್ಳಾಡಲಿಲ್ಲ, ಗಾಯವನ್ನೂ ಕೆದಕಲಿಲ್ಲ.

ಈ ಕಾಯಿಲೆಯ ಸ್ವರೂಪವನ್ನು ಸ್ವಲ್ಪ ತಿಳಿಯೋಣ. ಇದನ್ನು ವೈದ್ಯರು ಡಿಮೆನ್ಷಿಯಾ ಎನ್ನುತ್ತಾರೆ. ಅದರಲ್ಲಿ ಹೆಚ್ಚಾಗಿ ಕಾಣುವ ಬಗೆಯನ್ನು 1906ರಲ್ಲಿ ಜರ್ಮನಿಯ ಅಲೋಯಿಸ್ ಅಲ್ಝೈಮರ್ ಎಂಬ ವೈದ್ಯರು ವಿವರಿಸಿದರು. ಮಿದುಳಿನ ಜೀವಕೋಶಗಳು ಕ್ರಮೇಣ ನಶಿಸುತ್ತವೆ. ಹೊಸ ನೆನಪು ಮೊದಲು ಅಳಿಯುತ್ತದೆ. ಹಳೆಯದು ಬಹುಕಾಲ ಉಳಿಯುತ್ತದೆ. ಆದಕಾರಣವೇ ಆಗತಾನೆ ಉಂಡದ್ದನ್ನು ಮರೆತ ನಮ್ಮ ಅಮ್ಮ, ಬೆಳಗಿನ ರೇಡಿಯೋದಲ್ಲಿ ದೇವರನಾಮ ಬಂದರೆ ಪದ ತಪ್ಪದೆ ದನಿಗೂಡಿಸುತ್ತಿದ್ದರು. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ನಮ್ಮ ದೇಶದಲ್ಲಿ 60 ದಾಟಿದ ನೂರು ಮಂದಿಯಲ್ಲಿ ಏಳಕ್ಕೂ ಹೆಚ್ಚು ಜನಕ್ಕೆ, ಒಟ್ಟು ಸುಮಾರು 88 ಲಕ್ಷ ಮಂದಿಗೆ, ಈ ತೊಂದರೆಯುಂಟು.

ನಿಮ್ಮ ಮನೆಯಲ್ಲಿ ಇಂಥ ಲಕ್ಷಣ ಕಂಡರೆ ಮೊದಲು ವೈದ್ಯರಿಗೆ ತೋರಿಸಿರಿ. ಥೈರಾಯ್ಡ್ ದೋಷ, ಬಿ-12 ಜೀವಸತ್ತ್ವದ ಕೊರತೆ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಮರೆವು ಬರಬಹುದು, ಅವಕ್ಕೆ ಚಿಕಿತ್ಸೆಯುಂಟು. ಅಲ್ಝೈಮರ್ ಕಾಯಿಲೆಯನ್ನು ಪೂರ್ಣ ಗುಣಪಡಿಸುವ ಔಷಧ ಮಾತ್ರ ಇನ್ನೂ ದೊರೆತಿಲ್ಲ. ಅಲ್ಲಿ ಆರೈಕೆಯೇ ದೊಡ್ಡ ಔಷಧ. ಊಟ, ಸ್ನಾನ, ನಿದ್ರೆ ದಿನವೂ ಒಂದೇ ಹೊತ್ತಿಗೆ ಆಗಲಿ. ರಾತ್ರಿ ಸಣ್ಣದೊಂದು ದೀಪವಿರಲಿ. ಬಚ್ಚಲ ನೆಲ ಜಾರದಿರಲಿ. ಗ್ಯಾಸ್ ಸಿಲಿಂಡರನ್ನು ಮರೆಯದೆ ಮುಚ್ಚಿರಿ. ಹೆಸರು, ವಿಳಾಸ, ಫೋನ್ ಸಂಖ್ಯೆ ಬರೆದ ಚೀಟಿ ಸದಾ ಅವರ ಬಟ್ಟೆಯಲ್ಲಿರಲಿ. ಹೂ ಕಟ್ಟುವುದು, ಹುರುಳಿಕಾಯಿ ಮುರಿಯುವುದು, ಇಂಥ ಕೆಲಸವನ್ನು ಅವರ ಕೈಗೆ ಕೊಡಿರಿ. ಕೆಲಸ ಕೆಟ್ಟರೂ ಚಿಂತೆಯಿಲ್ಲ, ಮಾನ ಉಳಿಯುತ್ತದೆ.

ಇನ್ನೊಂದು ಮಾತನ್ನು ಗಂಡಸರಿಗಾಗಿಯೇ ಹೇಳುತ್ತೇನೆ. 'ಮನೆಯವರೆಲ್ಲ ನೋಡಿಕೊಳ್ಳುತ್ತಿದ್ದೇವೆ' ಎನ್ನುತ್ತೇವೆ. ರಾತ್ರಿ ನಾಲ್ಕು ಸಲ ಏಳುವವಳು ಮಾತ್ರ ಸೊಸೆಯೋ ಮಗಳೋ ಆಗಿರುತ್ತಾಳೆ. ಒಂದು ಸಂಜೆ ನನ್ನ ಹೆಂಡತಿ ಬಚ್ಚಲಮನೆಯಲ್ಲಿ ನಲ್ಲಿ ತಿರುಗಿಸಿ, ಆ ಸದ್ದಿನ ಮರೆಯಲ್ಲಿ ಅಳುತ್ತಿದ್ದಳು. ಅಂದಿನಿಂದ ರಾತ್ರಿಯ ಪಾಳಿಯಲ್ಲಿ ಅರ್ಧ ನನ್ನದಾಯಿತು. ಭಾನುವಾರ ಪೂರ್ತಿ ನನ್ನದು. ತಮ್ಮನಿಗೆ ಕಾಗದ ಬರೆದೆ. ಅವನು ತಿಂಗಳಿಗೊಂದು ವಾರ ಬಂದು ನಿಲ್ಲುತ್ತಾನೆ. ಮೊದಲೇ ಕೇಳಬಹುದಾಗಿತ್ತು, ಮಾನಕ್ಕಂಜಿ ಕೇಳಿರಲಿಲ್ಲ. ನೀವು ಅಂಜಬೇಡಿರಿ. ಹಿರಿಯರ ಸಹಾಯವಾಣಿ 14567, ಮನಸ್ಸಿನ ಬೇಗೆಗೆ ಟೆಲಿ ಮಾನಸ್ 14416. ಇವೆರಡೂ ಸರ್ಕಾರದವು. ಆರೈಕೆ ಮಾಡುವವರೂ ಕರೆ ಮಾಡಬಹುದು.

ಅಮ್ಮನಿಗೆ ಈಗ ನನ್ನ ಗುರುತಿಲ್ಲ; "ಮೇಷ್ಟ್ರೇ" ಎನ್ನುತ್ತಾರೆ. ಮೊನ್ನೆ ಗಂಜಿ ಕುಡಿಸುತ್ತಿದ್ದಾಗ, "ನಿಮಗೆ ತಾಯಿ ಇದ್ದಾರೆಯೆ?" ಎಂದು ಕೇಳಿದರು. "ಇದ್ದಾರೆ" ಎಂದೆ. "ಚೆನ್ನಾಗಿ ನೋಡಿಕೊಳ್ಳಿ" ಎಂದರು. ಆ ಮಾತಿನಲ್ಲಿ ತಿದ್ದುವಂಥದು ಏನೂ ಇರಲಿಲ್ಲ. "ಆಗಲಮ್ಮ" ಎಂದು ಇನ್ನೊಂದು ಚಮಚ ಗಂಜಿ ಕುಡಿಸಿದೆ.